ಅಲ್ಪ ಹಣದಲ್ಲಿ ಮೊದಲ ಕ್ಯಾಮೆರಾ

ಛಾಯಾಚಿತ್ರದ ಹವ್ಯಾಸ ಹಣವಂತರಿಗೆ ಮಾತ್ರ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಅದು ಅರ್ಧಸತ್ಯವೆಂದು ನಾನು ಈಗ ಅನುಭವದಿಂದ ಬಲ್ಲೆ. ಸಹಪಾಠಿಗಳಲ್ಲಿ ಕೆಲವರು ಮೊದಲ ಡಿ.ಎಸ್.ಎಲ್.ಆರ್. ಕ್ಯಾಮೆರಾ ಕೊಳ್ಳುವ ಯೋಚನೆಯಲ್ಲಿರುವುದರಿಂದ, ನಾನು ಕಲಿತ ಪಾಠವನ್ನು ಇಲ್ಲಿ ಬರೆಯುವುದು ಉಚಿತವೆಂದು ತೋರಿತು.

ನನಗೆ ಕ್ಯಾಮೆರಾ ಬೇಕಾದುದಕ್ಕೆ ಒಂದು ಕಾರಣವಿತ್ತು. ಇಳಕಲ್ಲಿನ ನಮ್ಮ ಮನೆಯಲ್ಲಿ ಅಜ್ಜ ನೇಯುವ ಕುಳಿಮಗ್ಗವಿತ್ತು. ಇಳಕಲ್ಲ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಸಿಕ್ಕಿಸಿ ಜೋಡಿಸುವ ಕೆಲಸಕ್ಕೆ ಕೊಂಡಿ ಎನ್ನುವರು. ಅಜ್ಜನ ಕಣ್ಣು ಮಂಜಾಗತೊಡಗಿ, ದೀಪಾವಳಿಯ ಅನಂತರ ಮಗ್ಗ ಬಿಚ್ಚುವುದೆಂದು ಮನೆಯಲ್ಲಿ ನಿಶ್ಚಯವಾಯಿತು. ಅಷ್ಟರೊಳಗೆ ಆ ಕೈಗಳ ಚಿತ್ರ ಉಳಿಯಬೇಕೆಂಬುದು ನನ್ನ ಆಸೆ. ಕೋಣೆಗೆ ಇದ್ದುದು ಒಂದೇ ಕಿಟಕಿ. ಫೋನಿನಲ್ಲಿ ತೆಗೆದರೆ ಮಗ್ಗ ಸ್ಪಷ್ಟವಾಗಿ ಬಂದು, ಓಡುವ ಕೈಗಳು ಮಾತ್ರ ಹೊಗೆಯಂತೆ ಮೂಡುತ್ತಿದ್ದವು. ವಿದ್ಯಾರ್ಥಿವೇತನದಿಂದ ನಾನು ಕೂಡಿಟ್ಟಿದ್ದುದು 20,000 ರೂಪಾಯಿ.

ಮೊದಲು ಯಂತ್ರದ ರಚನೆಯನ್ನು ತಿಳಿಯೋಣ. ಮಸೂರದಿಂದ ಬಂದ ಬೆಳಕನ್ನು ಒಳಗಿನ ಓರೆಗನ್ನಡಿಯೊಂದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಕಾಣಿಸುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಮೇಲೇಳುತ್ತದೆ, ಷಟರು ತೆರೆಯುತ್ತದೆ, ಬೆಳಕು ಹಿಂದಿನ ಸೆನ್ಸರಿನ ಮೇಲೆ ಬೀಳುತ್ತದೆ. ಅಗ್ಗದ ಕ್ಯಾನನ್ ಯಂತ್ರಗಳಲ್ಲಿ ಈ ಸೆನ್ಸರಿನ ಅಳತೆ ಸುಮಾರು 22×15 ಮಿಲಿಮೀಟರು. ಹಳೆಯ ಫಿಲ್ಮಿನ 36×24ಕ್ಕಿಂತ ಚಿಕ್ಕದಾದರೂ, ಫೋನಿನದಕ್ಕಿಂತ ಎಷ್ಟೋ ದೊಡ್ಡದು.

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಮೆಗಾಪಿಕ್ಸೆಲ್ ಎಷ್ಟೆಂದು. ನಾನೂ ಹಾಗೆಯೇ ಕೇಳಿದೆ. ಲೆಕ್ಕ ಹಾಕಿ ನೋಡಿದರೆ ಆ ಮೋಹ ಬಿಡುತ್ತದೆ. 18 ಮೆಗಾಪಿಕ್ಸೆಲಿನ ಚಿತ್ರದಲ್ಲಿ 5184×3456 ಬಿಂದುಗಳಿರುತ್ತವೆ. ಅಂಗುಲಕ್ಕೆ 300 ಬಿಂದುಗಳಂತೆ ಮುದ್ರಿಸಿದರೆ 17 ಅಂಗುಲ ಉದ್ದ, 11 ಅಂಗುಲಕ್ಕೂ ಮಿಕ್ಕ ಅಗಲ. ನಮ್ಮ ಮನೆಯ ಗೋಡೆಗೆ ಇದಕ್ಕಿಂತ ದೊಡ್ಡ ಪಟ ಬೇಕಿರಲಿಲ್ಲ.

ಇನ್ನು ಮಸೂರದ ವಿಚಾರ. ಕ್ಯಾಮೆರಾದೊಂದಿಗೆ ಬರುವ 18-55 ಮಸೂರವನ್ನು 55ಕ್ಕೆ ಚಾಚಿದಾಗ ಅದರ ಕಿಂಡಿ ಎಫ್ 5.6ಕ್ಕಿಂತ ಹೆಚ್ಚು ತೆರೆಯದು. 50 ಮಿಲಿಮೀಟರಿನ ಸಣ್ಣ ಮಸೂರ ಎಫ್ 1.8ರವರೆಗೆ ತೆರೆಯುತ್ತದೆ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಹತ್ತಿರ ಹತ್ತಿರ 10. ಅಂದರೆ ಹತ್ತು ಪಟ್ಟು ಬೆಳಕು! ಅಜ್ಜನ ಕೋಣೆಯಲ್ಲಿ ಸೆಕೆಂಡಿನ 8ನೆಯ ಒಂದು ಭಾಗ ಬೇಕಾದಲ್ಲಿ 80ನೆಯ ಒಂದು ಭಾಗ ಸಾಕು. ಕೈಗಳು ಹೊಗೆಯಾಗದಿರುವ ಉಪಾಯ ಇಲ್ಲಿತ್ತು.

ಹೊಸ ಕ್ಯಾಮೆರಾವೋ, ಹಳೆಯದೋ ಎಂದು ತೊಳಲುತ್ತಿದ್ದಾಗ ಅಜ್ಜ ಹೇಳಿದರು: “ಮಗ್ಗ ಹಳೇದಿದ್ರೂ ನಡೀತೈತಿ ತಮ್ಮಾ, ನೂಲು ಚಲೋ ಇರಬೇಕು.” ಆ ಮಾತಿನಂತೆಯೇ ನಡೆದೆ. 2014ರಲ್ಲಿ ಬಂದ ಕ್ಯಾನನ್ 1200ಡಿ ಒಂದನ್ನು, 18-55 ಮಸೂರ ಸಹಿತ, ಬಳಸಿದವರಿಂದ 13,000ಕ್ಕೆ ಕೊಂಡೆ. 50ರ ಮಸೂರಕ್ಕೆ 6,000. ಉಳಿದ 1,000 ಕಾರ್ಡಿಗೂ ಚೀಲಕ್ಕೂ ಆಯಿತು. ಈಗ ಕಂಪನಿಗಳ ಗಮನವೆಲ್ಲ ಕನ್ನಡಿಯಿಲ್ಲದ ಕ್ಯಾಮೆರಾಗಳತ್ತ ಇರುವುದರಿಂದ, ಕನ್ನಡಿಯವು ಕೈಬದಲಾಗಿ ಅಗ್ಗಕ್ಕೆ ಸಿಗುತ್ತವೆ.

ಹಳೆಯದನ್ನು ಕೊಳ್ಳುವವರು ಕೆಲವು ಪರೀಕ್ಷೆಗಳನ್ನು ಮಾಡತಕ್ಕದ್ದು. ಮಸೂರದ ಒಂದು ಬದಿಯಿಂದ ಟಾರ್ಚು ಹಾಯಿಸಿ ಇನ್ನೊಂದು ಬದಿಯಿಂದ ನೋಡಿರಿ. ಜೇಡರಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ನಾನು ನೋಡಿದ ಮೊದಲ ಕ್ಯಾಮೆರಾವನ್ನು ಇದೇ ಕಾರಣಕ್ಕೆ ಬಿಟ್ಟುಬಂದೆ. ಎಫ್ 16ರಲ್ಲಿ ಬಿಳಿಯ ಗೋಡೆಯ ಚಿತ್ರ ತೆಗೆಯಿರಿ. ಕಪ್ಪು ಚುಕ್ಕೆಗಳಿದ್ದರೆ ಸೆನ್ಸರಿನ ಮೇಲೆ ಧೂಳಿದೆ. ಷಟರು ಎಷ್ಟು ಸಲ ಬಡಿದಿದೆಯೆಂದು ವಿಚಾರಿಸಿರಿ. ಇನ್ನೊಂದು ಎಚ್ಚರಿಕೆ: ನಿಕಾನ್ ಡಿ3000, ಡಿ5000 ಶ್ರೇಣಿಯ ಯಂತ್ರಗಳೊಳಗೆ ಮಸೂರವನ್ನು ತಿರುಗಿಸುವ ಮೋಟಾರಿಲ್ಲ. ತನ್ನದೇ ಮೋಟಾರಿಲ್ಲದ ಹಳೆಯ ಮಸೂರವನ್ನು ಅಗ್ಗವೆಂದು ಕೊಂಡರೆ, ಫೋಕಸನ್ನು ಪ್ರತಿಸಲವೂ ಕೈಯಿಂದಲೇ ಮಾಡಬೇಕಾಗುತ್ತದೆ.

ನನ್ನ ಆಯ್ಕೆಯಲ್ಲಿ ಕೊರತೆಯಿಲ್ಲವೆಂದಲ್ಲ. ಚಿಕ್ಕ ಸೆನ್ಸರಿನ ದೆಸೆಯಿಂದ 50ರ ಮಸೂರ ಫಿಲ್ಮಿನ ಕ್ಯಾಮೆರಾದ 80ರಂತೆ ನೋಟವನ್ನು ಕಿರಿದುಗೊಳಿಸುತ್ತದೆ. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಇಡೀ ಮಗ್ಗ ಹಿಡಿಸದು. ಅದಕ್ಕೆ 18-55 ಬೇಕಾಯಿತು. ಕಿಂಡಿ ಪೂರ್ತಿ ತೆರೆದಾಗ ಬೆರಳು ಸ್ಪಷ್ಟವಾದರೆ ಮುಖ ಮಸುಕು.

ಆದರೂ ಮಗ್ಗ ಬಿಚ್ಚುವ ಮುನ್ನ ಕೊಂಡಿಯ ಚಿತ್ರ ದೊರೆಯಿತು. ಪರದೆಯ ಮೇಲೆ ಅದನ್ನು ಹಿಗ್ಗಿಸಿ ತೋರಿಸಿದಾಗ, ಕಣ್ಣಿಗೆ ಎಳೆ ಕಾಣದಾಗಿದ್ದ ಅಜ್ಜ ಬಹಳ ಹೊತ್ತು ನೋಡಿದರು. “ಇಲ್ಲೊಂದು ಎಳಿ ತಪ್ಪೈತಿ ನೋಡು” ಎಂದರು.

ಮಿತ್ರರೇ, ಯಾವ ಕ್ಯಾಮೆರಾ ಒಳ್ಳೆಯದೆಂದು ಕೇಳುವ ಮೊದಲು, ಯಾವ ಚಿತ್ರ ನಿಮಗೆ ಬೇಕೆಂದು ನಿಶ್ಚಯಿಸಿಕೊಳ್ಳಿರಿ. ಅದು ತಿಳಿದರೆ ಇರುವ ಹಣವನ್ನು ಎಲ್ಲಿ ಹಾಕಬೇಕೆಂಬುದೂ ತಿಳಿಯುತ್ತದೆ.