ಚರ್ಮದ ಮೇಲೆ ಕಾಣುವ ಲಿವರ್ ಕಾಯಿಲೆ

ಲಿವರ್‌ಗೆ ನಮ್ಮ ಕನ್ನಡ ಪುಸ್ತಕಗಳಲ್ಲಿ ಯಕೃತ್ತು, ಪಿತ್ತಜನಕಾಂಗ ಎಂಬ ಹೆಸರುಗಳಿವೆ. ನಮ್ಮ ಮನೆಯ ಉರ್ದುವಿನಲ್ಲಿ ಅದು ಜಿಗರ್. ತುಂಬ ಪ್ರೀತಿಯ ಮಗುವನ್ನು ‘ಜಿಗರ್ ಕಾ ಟುಕಡಾ’, ಅಂದರೆ ಲಿವರ್‌ನ ತುಂಡು, ಎಂದು ಕರೆಯುತ್ತೇವೆ. ಇಷ್ಟು ಮುದ್ದಿನ ಅಂಗ ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಹಿಂದೆ ಅಡಗಿದೆ. ಎಷ್ಟೋ ವರ್ಷ ನೋವು ಕೊಡದೆಯೇ ಅದು ಕಾಯಿಲೆ ಬೀಳಬಹುದು. ಆಗ ಸುದ್ದಿ ಹೊರಗೆ ಬರುವುದು ಅನೇಕ ಸಲ ಚರ್ಮದ ಮೂಲಕ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೂ ಈ ಪಾಠ ವಿಜ್ಞಾನ ವಿಭಾಗದವರಿಗೆ ಮಾತ್ರ ಸೇರಿದ್ದಲ್ಲ ಎಂದು ಅನಿಸಿ ಬರೆಯುತ್ತಿದ್ದೇನೆ.

ಐದು ವೈರಸ್‌ಗಳು

ಹೆಪಟೈಟಿಸ್ ಎಂದರೆ ಲಿವರ್‌ನ ಉರಿಯೂತ. ಅದನ್ನು ತರುವ ಮುಖ್ಯ ವೈರಸ್‌ಗಳು ಐದು: ಎ, ಬಿ, ಸಿ, ಡಿ ಮತ್ತು ಇ. ಎ ಮತ್ತು ಇ ಕೊಳಕು ನೀರು, ಆಹಾರದಿಂದ ಬರುತ್ತವೆ. ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ಗುಣವಾಗುತ್ತವೆ. ಆದರೆ ಗರ್ಭಿಣಿಯರಿಗೆ ಇ ತುಂಬ ಅಪಾಯಕಾರಿ. ಬಿ ಮತ್ತು ಸಿ ರಕ್ತದ ಮೂಲಕ ಹರಡುತ್ತವೆ. ಬಿ ತಾಯಿಯಿಂದ ಮಗುವಿಗೆ ಮತ್ತು ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಇವೆರಡು ವರ್ಷಗಟ್ಟಲೆ ದೇಹದಲ್ಲಿ ಉಳಿದು ಲಿವರ್ ಗಟ್ಟಿಯಾಗುವ ಸಿರೋಸಿಸ್, ಕ್ಯಾನ್ಸರ್ ತರಬಲ್ಲವು. ಡಿ ವೈರಸ್ ಬರುವುದು ಬಿ ಇರುವವರಿಗೆ ಮಾತ್ರ.

ಹಳದಿ ಎಲ್ಲಿಂದ ಬರುತ್ತದೆ?

ನಮ್ಮ ಕೆಂಪು ರಕ್ತಕಣಗಳ ಆಯುಷ್ಯ ಸುಮಾರು 120 ದಿನ. ಹಳೆಯ ಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ಪಿತ್ತರಸದ ಜೊತೆ ಹೊರಗೆ ಕಳಿಸುತ್ತದೆ. ಲಿವರ್ ಸೋತರೆ ಅದು ರಕ್ತದಲ್ಲೇ ಉಳಿಯುತ್ತದೆ. ಒಂದು ಡೆಸಿಲೀಟರ್ ರಕ್ತದಲ್ಲಿ ಅದು ಸಾಮಾನ್ಯವಾಗಿ ಸುಮಾರು 1 ಮಿಲಿಗ್ರಾಂ ಇರುತ್ತದೆ. 3 ಮಿಲಿಗ್ರಾಂ ಹತ್ತಿರ ಹೋದಾಗ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಾಣತೊಡಗುತ್ತದೆ, ಮೂತ್ರದ ಬಣ್ಣವೂ ಗಾಢವಾಗುತ್ತದೆ. ಇದೇ ಕಾಮಾಲೆ, ಉರ್ದುವಿನಲ್ಲಿ ಯರ್ಖಾನ್.

ಕಾಮಾಲೆ ಬಂದರೆ ನಮ್ಮ ಕಡೆ ಅಡುಗೆಯಲ್ಲಿ ಅರಿಶಿನ ನಿಲ್ಲಿಸುತ್ತಾರೆ. ಆದರೆ ಈ ಹಳದಿ ಅರಿಶಿನದ್ದಲ್ಲ, ನಮ್ಮದೇ ರಕ್ತದ್ದು. ಕ್ಯಾರೆಟ್ ಬಹಳ ತಿಂದರೆ ಅಂಗೈ ಹಳದಿಯಾಗುವುದುಂಟು, ಆದರೆ ಆಗ ಕಣ್ಣು ಬೆಳ್ಳಗೇ ಇರುತ್ತದೆ. ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಹಳದಿ ಬೇಗ ಗೊತ್ತಾಗುವುದಿಲ್ಲ. ಆದ್ದರಿಂದ ಹಗಲು ಬೆಳಕಿನಲ್ಲಿ ಕಣ್ಣನ್ನೇ ನೋಡಬೇಕು.

ತುರಿಕೆ, ಗುಳ್ಳೆ, ಚುಕ್ಕೆ

ಎಲ್ಲರಿಗೂ ಕಾಮಾಲೆ ಕಾಣುವುದಿಲ್ಲ. ಬೇರೆ ಗುರುತುಗಳೂ ಇವೆ.

ತುರಿಕೆ: ಪಿತ್ತರಸ ಸರಿಯಾಗಿ ಹರಿಯದಿದ್ದರೆ ಮೈಯೆಲ್ಲ ತುರಿಸುತ್ತದೆ. ಅಂಗೈ, ಅಂಗಾಲಿನಲ್ಲಿ, ರಾತ್ರಿ ಹೊತ್ತು ಹೆಚ್ಚು. ಚರ್ಮದ ಮೇಲೆ ಕೆರೆದ ಗೀರು ಬಿಟ್ಟರೆ ಮೊದಲಿಗೆ ಏನೂ ಕಾಣುವುದಿಲ್ಲ.

ದದ್ದು: ಹೆಪಟೈಟಿಸ್ ಬಿ ಶುರುವಾಗುವಾಗ ಕೆಲವರಿಗೆ ಕಾಮಾಲೆಗೆ ಮೊದಲೇ ಪಿತ್ತಗಂಧೆಯಂಥ ದದ್ದು, ಕೀಲುನೋವು, ಜ್ವರ ಬರುತ್ತದೆ. ಚಿಕ್ಕ ಮಕ್ಕಳಲ್ಲಿ ಕೆನ್ನೆ, ಕೈಕಾಲುಗಳ ಮೇಲೆ ಸಣ್ಣ ಗುಳ್ಳೆಗಳು ಏಳಬಹುದು.

ಕಾಲಿನ ನೇರಳೆ ಚುಕ್ಕೆ: ಹೆಪಟೈಟಿಸ್ ಸಿ ಇರುವ ಕೆಲವರ ರಕ್ತದಲ್ಲಿ ಕ್ರಯೋಗ್ಲೋಬ್ಯುಲಿನ್ ಎಂಬ ಪ್ರೋಟೀನು ಸೇರಿ ಸಣ್ಣ ರಕ್ತನಾಳಗಳು ಊದಿಕೊಳ್ಳುತ್ತವೆ. ಆಗ ಮೊಣಕಾಲಿನ ಕೆಳಗೆ ಉಬ್ಬಿದ ನೇರಳೆ ಚುಕ್ಕೆಗಳು ಬರುತ್ತವೆ. ಗಾಜಿನ ಲೋಟ ಒತ್ತಿ ನೋಡಿದರೂ ಅವು ಮಾಯವಾಗುವುದಿಲ್ಲ.

ಕೈಬೆನ್ನಿನ ಗುಳ್ಳೆ: ಇದೂ ಹೆಪಟೈಟಿಸ್ ಸಿ ಜೊತೆ ಕಾಣುವಂಥದ್ದು. ಪಾರ್ಫೈರಿಯಾ ಎಂಬ ಈ ತೊಂದರೆಯಲ್ಲಿ ಬಿಸಿಲು ಬಿದ್ದ ಕಡೆ ನೀರುಗುಳ್ಳೆ ಎದ್ದು, ಒಡೆದು, ಕಲೆ ಉಳಿಯುತ್ತದೆ.

ಲೈಕನ್ ಪ್ಲೇನಸ್: ಮಣಿಕಟ್ಟಿನ ಬಳಿ ಚಪ್ಪಟೆಯಾದ, ತುರಿಸುವ ನೇರಳೆ ಗುಳ್ಳೆಗಳು. ಬಾಯೊಳಗೆ ಬಿಳಿ ಲೇಸಿನಂಥ ಗೆರೆಗಳು.

ಸಿರೋಸಿಸ್ ಆದಾಗ: ಎದೆ, ಭುಜಗಳ ಮೇಲೆ ಜೇಡರ ಕಾಲಿನಂತೆ ಹರಡಿದ ಕೆಂಪು ನಾಳಗಳು, ಕೆಂಪಾದ ಅಂಗೈ. ಮೆಹಂದಿ ಹಚ್ಚಿದ ಕೈಯಲ್ಲಿ ಇದು ಕಾಣುವುದೇ ಇಲ್ಲ.

ಒಂದು ಎಚ್ಚರಿಕೆ. ಇವು ಬೇರೆ ಕಾರಣಗಳಿಂದಲೂ ಬರುತ್ತವೆ. ತುರಿಕೆ ಇದ್ದವರಿಗೆಲ್ಲ ಹೆಪಟೈಟಿಸ್ ಇಲ್ಲ. ಚರ್ಮ ಪ್ರಶ್ನೆ ಕೇಳುತ್ತದೆ ಅಷ್ಟೆ, ಉತ್ತರ ಕೊಡುವುದು ರಕ್ತ ಪರೀಕ್ಷೆ.

ತಟ್ಟೆ ಬೇರೆ, ಬ್ಲೇಡ್ ಒಂದೇ

ಹಲಸೂರಿನಲ್ಲಿ ನಮ್ಮ ಬಂಧು ಒಬ್ಬರಿದ್ದಾರೆ. ತಳ್ಳುಗಾಡಿಯಲ್ಲಿ ಹಣ್ಣು ಮಾರುವವರು, ದಿನವಿಡೀ ಬಿಸಿಲಿನಲ್ಲಿ ನಿಲ್ಲುವವರು. ಅವರ ಕೈಬೆನ್ನಿನಲ್ಲಿ ಗುಳ್ಳೆ ಎದ್ದಾಗ ಎಲ್ಲರೂ ‘ಗರ್ಮಿ’ ಎಂದರು. ತಿಂಗಳುಗಟ್ಟಲೆ ಮೆಡಿಕಲ್ ಅಂಗಡಿಯ ಮುಲಾಮು ಹಚ್ಚಿದರು. ಕೊನೆಗೆ ಚರ್ಮದ ಡಾಕ್ಟರ್ ರಕ್ತ ಪರೀಕ್ಷೆ ಬರೆದಾಗ ಹೆಪಟೈಟಿಸ್ ಸಿ ಎಂದು ತಿಳಿಯಿತು.

ನಮ್ಮಲ್ಲಿ ದಸ್ತರ್‌ಖಾನ್ ಹಾಸಿ, ದೊಡ್ಡ ತಟ್ಟೆಯಲ್ಲಿ ಒಟ್ಟಿಗೆ ಕೈಯಿಟ್ಟು ಊಟ ಮಾಡುವುದು ಪ್ರೀತಿಯ ಗುರುತು. ರಿಪೋರ್ಟ್ ಬಂದ ದಿನವೇ ಅವರ ತಟ್ಟೆ, ಲೋಟ ಬೇರೆಯಾದವು. ಆದರೆ ಬಚ್ಚಲುಮನೆಯ ಶೆಲ್ಫಿನಲ್ಲಿ ಮನೆಯ ಗಂಡಸರೆಲ್ಲರಿಗೂ ಒಂದೇ ರೇಜರ್, ಒಂದೇ ನೇಲ್ ಕಟರ್ ಹಾಗೇ ಇದ್ದವು! ಸತ್ಯ ಇದಕ್ಕೆ ಪೂರ್ತಿ ಉಲ್ಟಾ. ಒಂದೇ ತಟ್ಟೆಯ ಊಟ, ಕೈಕುಲುಕುವುದು, ಅಪ್ಪಿಕೊಳ್ಳುವುದು, ಇವುಗಳಿಂದ ಬಿ ಅಥವಾ ಸಿ ಹರಡುವುದಿಲ್ಲ. ರಕ್ತ ತಾಗಿದ ರೇಜರ್, ಸೂಜಿ, ಬ್ರಷ್‌ನಿಂದ ಹರಡಬಹುದು. ಅವರು 12 ವಾರ ಮಾತ್ರೆ ತೆಗೆದುಕೊಂಡರು. ಮುಗಿದ ಮೇಲೆ ಮತ್ತೆ 12 ವಾರ ಕಳೆದು ಪರೀಕ್ಷೆ ಮಾಡಿದಾಗ ವೈರಸ್ ಇರಲಿಲ್ಲ. ಕೈಯ ಗುಳ್ಳೆಗಳೂ ನಿಂತವು. ತಟ್ಟೆ ಮಾತ್ರ ಇನ್ನೂ ಬೇರೆಯೇ ಇದೆ. ಈ ಲೇಖನ ಬರೆಯಲು ನನಗೆ ಇದೇ ಕಾರಣ.

ಕ್ಷೌರದಂಗಡಿಯಲ್ಲಿ ಹೊಸ ಬ್ಲೇಡ್ ಕೇಳಿ. ಹಿಜಾಮಾ, ಕಿವಿ ಚುಚ್ಚುವುದು, ಹಚ್ಚೆ, ಅಖೀಖಾದ ತಲೆ ಬೋಳಿಸುವುದು, ಎಲ್ಲಕ್ಕೂ ಇದೇ ನಿಯಮ. ಹಜ್ ಯಾತ್ರಿಗಳಿಗೂ ಬೇರೆಯವರು ಬಳಸಿದ ಬ್ಲೇಡ್ ಮುಟ್ಟಬೇಡಿ ಎಂದು ಹೇಳುವುದು ಈ ಕಾರಣಕ್ಕೇ.

ಬರೆ ಮತ್ತು ನೆಲನೆಲ್ಲಿ

ಕಾಮಾಲೆಗೆ ಕೈಮೇಲೆ ಬರೆ ಹಾಕಿಸುವ, ಮೂಗಿಗೆ ರಸ ಹಿಂಡಿಸುವ, ಮಂತ್ರಿಸಿ ಇಳಿಸುವ ಪದ್ಧತಿ ಕರ್ನಾಟಕದಲ್ಲಿ ಎಲ್ಲ ಜಾತಿ ಧರ್ಮದವರಲ್ಲೂ ಇದೆ. ಬರೆಯ ಗಾಯ ಕೀವಾಗಿ ಹೊಸ ಚರ್ಮರೋಗ ಬರುವುದೂ ಉಂಟು. ಹಾಗಾದರೆ ಜನ ಏಕೆ ನಂಬುತ್ತಾರೆ? ಎ ಮತ್ತು ಇ ಬಹುಪಾಲು ತಾವಾಗಿಯೇ ವಾಸಿಯಾಗುತ್ತವೆ. ಅಷ್ಟರಲ್ಲಿ ಯಾರು ಏನು ಮಾಡಿದ್ದರೋ ಅವರಿಗೆ ಹೆಸರು ಬರುತ್ತದೆ. ನಮ್ಮ ಲೆಕ್ಕಶಾಸ್ತ್ರದಲ್ಲಿ ಒಬ್ಬರ ಖಾತೆಗೆ ಜಮೆಯಾಗಬೇಕಾದ ಹಣ ಇನ್ನೊಬ್ಬರ ಖಾತೆಗೆ ಜಮೆಯಾದರೂ ತಾಳೆಪಟ್ಟಿ ಸರಿಯಾಗಿಯೇ ಇರುತ್ತದಲ್ಲ, ಹಾಗೆ. ಬಿ ಅಥವಾ ಸಿ ಇದ್ದಾಗ ಈ ತಪ್ಪು ದುಬಾರಿ. ಹಳದಿ ಇಳಿಯುತ್ತದೆ, ವೈರಸ್ ಉಳಿದುಬಿಡಬಹುದು.

ಮನೆಮದ್ದನ್ನು ನಕ್ಕು ತಳ್ಳಬೇಕೆಂದಲ್ಲ, ಪರೀಕ್ಷಿಸಬೇಕು. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲಂಬರ್ಗ್ 1986ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಲ್ಲಿ ರಾಮನ್ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ನಮ್ಮ ಹಿತ್ತಲಿನ ನೆಲನೆಲ್ಲಿಯ ಮೇಲೂ ಅವರು ಕೆಲಸ ಮಾಡಿದರು. ಮದರಾಸಿನ ಎಸ್.ಪಿ. ತ್ಯಾಗರಾಜನ್ ತಂಡದ ಜೊತೆ ಅವರ ಹೆಸರೂ ಇರುವ ವರದಿ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನೆಲನೆಲ್ಲಿ ಪಡೆದ 37 ಜನರಲ್ಲಿ 22 ಜನರ ರಕ್ತದಿಂದ ಬಿ ವೈರಸ್ಸಿನ ಗುರುತು ಹೋಗಿತ್ತು. ಎಲ್ಲರಿಗೂ ಆಸೆ ಹುಟ್ಟಿತು. ಆದರೆ ನಂತರದ ಪ್ರಯೋಗಗಳಲ್ಲಿ ಅದೇ ಫಲ ಸಿಗಲಿಲ್ಲ. ಪರೀಕ್ಷೆ ಎಂದರೆ ಇದೇ. ಬ್ಲಂಬರ್ಗ್ ಅವರ ಜನ್ಮದಿನ ಜುಲೈ 28 ಈಗ ವಿಶ್ವ ಹೆಪಟೈಟಿಸ್ ದಿನ.

ಔಷಧಿ, ಚರ್ಮ ಮತ್ತು ಬೆಲೆ

ಚಿಕಿತ್ಸೆಯೂ ಚರ್ಮದ ಮೇಲೆ ಗುರುತು ಬಿಡುತ್ತದೆ. ಹಿಂದೆ ಹೆಪಟೈಟಿಸ್ ಸಿಗೆ ಇಂಟರ್‌ಫೆರಾನ್ ಇಂಜೆಕ್ಷನ್ ಮತ್ತು ರಿಬಾವಿರಿನ್ ಮಾತ್ರೆಯನ್ನು 48 ವಾರಗಳವರೆಗೂ ಕೊಡುತ್ತಿದ್ದರು. ಚುಚ್ಚಿದ ಕಡೆ ಕೆಂಪು, ಕೂದಲು ಉದುರುವುದು, ಒಣ ಚರ್ಮ, ತುರಿಕೆ ಸಾಮಾನ್ಯವಾಗಿತ್ತು. ಸೋರಿಯಾಸಿಸ್ ಇದ್ದವರಿಗೆ ಅದು ಹೆಚ್ಚುತ್ತಿತ್ತು. 2011ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟೆಲಾಪ್ರೆವಿರ್‌ನಿಂದ ಅರ್ಧಕ್ಕೂ ಹೆಚ್ಚು ಜನರಿಗೆ ದದ್ದು ಬಂತು, ಕೆಲವರಿಗೆ ಜೀವಕ್ಕೇ ಅಪಾಯವಾಯಿತು. ಈಗಿನ ಮಾತ್ರೆಗಳಲ್ಲಿ ಈ ತೊಂದರೆ ಬಹಳ ಕಡಿಮೆ. ಅವು 12 ವಾರಗಳ ಆಸುಪಾಸಿನಲ್ಲಿ 95 ಶೇಕಡಾಕ್ಕೂ ಹೆಚ್ಚು ಜನರನ್ನು ಗುಣಪಡಿಸುತ್ತವೆ. ಮಾತ್ರೆ ತೆಗೆದುಕೊಳ್ಳುವಾಗ ತುರಿಕೆ ಬಂದರೆ ತಾವೇ ನಿಲ್ಲಿಸಬಾರದು, ಡಾಕ್ಟರಿಗೆ ಹೇಳಬೇಕು. ಜ್ವರ, ಬಾಯಿಹುಣ್ಣು, ಚರ್ಮ ಸುಲಿಯುವುದು ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇಲ್ಲಿ ವಾಣಿಜ್ಯ ಪಾಠವೂ ಇದೆ. ಸೊಫೊಸ್ಬುವಿರ್ ಮಾತ್ರೆ ಅಮೆರಿಕಕ್ಕೆ ಬಂದಾಗ 12 ವಾರಕ್ಕೆ 84,000 ಡಾಲರ್. 84 ದಿನಕ್ಕೆ ಭಾಗಿಸಿ ನೋಡಿ, ಒಂದು ಮಾತ್ರೆಗೆ 1,000 ಡಾಲರ್! 2014ರ ಸೆಪ್ಟೆಂಬರ್‌ನಲ್ಲಿ ಗಿಲಿಯಡ್ ಕಂಪನಿ ಅದನ್ನು ತಯಾರಿಸಲು ಭಾರತದ ಏಳು ಕಂಪನಿಗಳಿಗೆ ಪರವಾನಗಿ ಕೊಟ್ಟಿತು. ಅವುಗಳಲ್ಲಿ ಬೆಂಗಳೂರಿನ ಸ್ಟ್ರೈಡ್ಸ್ ಒಂದು. ಪೈಪೋಟಿಯಿಂದ ಬೆಲೆ ಕುಸಿಯಿತು. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಪರೀಕ್ಷೆ, ಔಷಧಿ ಉಚಿತ. ಹೆಪಟೈಟಿಸ್ ಬಿ ಪೂರ್ತಿ ಹೋಗುವುದು ಅಪರೂಪ, ಆದರೆ ದಿನಕ್ಕೊಂದು ಮಾತ್ರೆಯಿಂದ ಅದನ್ನು ಹಿಡಿತದಲ್ಲಿಡಬಹುದು.

ನಾವು ಏನು ಮಾಡಬಹುದು?

1. ನಿಮ್ಮ ಲಸಿಕೆ ಕಾರ್ಡ್ ಹುಡುಕಿ ನೋಡಿ. ಹೆಪಟೈಟಿಸ್ ಬಿ ಲಸಿಕೆ ಆಗಿರದಿದ್ದರೆ ಈಗಲೂ ಹಾಕಿಸಿಕೊಳ್ಳಬಹುದು.

2. ಮನೆಯಲ್ಲಿ ಗರ್ಭಿಣಿಯರಿದ್ದರೆ ಬಿ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಹುಟ್ಟುವಾಗ ಸೋಂಕು ತಗುಲಿದ ಮಕ್ಕಳಲ್ಲಿ ಸುಮಾರು 90 ಶೇಕಡಾ ಮಕ್ಕಳಿಗೆ ಅದು ದೀರ್ಘಕಾಲ ಉಳಿಯುತ್ತದೆ. ಶಿವಾಜಿನಗರದ ಘೋಷಾ ಆಸ್ಪತ್ರೆಯಲ್ಲಾಗಲಿ ಬೇರೆಲ್ಲಾಗಲಿ ಹೆರಿಗೆಯಾದರೆ, ಮಗುವಿಗೆ 24 ಗಂಟೆಯೊಳಗೆ ಮೊದಲ ಡೋಸ್ ಕೇಳಿ ಹಾಕಿಸಿ.

3. ವಾರಗಟ್ಟಲೆ ಬಿಡದ ತುರಿಕೆ, ಬಿಸಿಲಿಗೆ ಏಳುವ ಗುಳ್ಳೆ, ಕಾಲಿನ ನೇರಳೆ ಚುಕ್ಕೆ ಇದ್ದರೆ ಮುಲಾಮು ಕೊಂಡು ಸುಮ್ಮನಾಗಬೇಡಿ. ಬೌರಿಂಗ್, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿ ತೋರಿಸಿ, ಉಚಿತ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ವಿಚಾರಿಸಿ.

4. ಸಿ ಗುಣವಾದ ಮೇಲೂ ಆಂಟಿಬಾಡಿ ಪರೀಕ್ಷೆ ಪಾಸಿಟಿವ್ ಬರುತ್ತದೆ. ವೈರಸ್ ಇದೆಯೋ ಇಲ್ಲವೋ ತಿಳಿಸುವುದು ಆರ್‌ಎನ್‌ಎ ಪರೀಕ್ಷೆ. ಗಲ್ಫ್ ಕೆಲಸಕ್ಕೆ ಹೋಗುವವರು ಆ ರಿಪೋರ್ಟನ್ನು ಜೋಪಾನವಾಗಿಡಿ.

5. ಪ್ರತಿಯೊಬ್ಬರ ರೇಜರ್, ನೇಲ್ ಕಟರ್, ಬ್ರಷ್ ಬೇರೆ ಇರಲಿ. ಊಟದ ತಟ್ಟೆ ಒಂದೇ ಇರಲಿ.