ರಕ್ತದ ಸೀಸೆಯ ವಿಮಾನಯಾನ

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ವಿಮಾನ, ರಕ್ತ, ರೋಗಾಣು ಮುಂತಾದ ವಿಷಯಗಳನ್ನು ಎತ್ತಿಕೊಂಡುದೇಕೆಂದು ವಾಚಕಮಿತ್ರರು ಕೇಳಬಹುದು. ನಾನೇ ಮಾಡಿದ ಒಂದು ತಪ್ಪು ಅದಕ್ಕೆ ಕಾರಣ. ಮೊದಲು ಅದನ್ನು ಹೇಳಿ, ಅನಂತರ ಓದಿ ತಿಳಿದುದನ್ನು ನಿವೇದಿಸುತ್ತೇನೆ.

ನಮ್ಮ ಮನೆ ಇರುವುದು ಲಗ್ಗೆರೆಯಲ್ಲಿ. ಕಳೆದ ವರ್ಷ ನಾನು ಸಂಜೆಯ ಹೊತ್ತು, ಪರೀಕ್ಷೆಗಾಗಿ ರಕ್ತ ತೆಗೆದುಕೊಳ್ಳುವ ಒಂದು ಕೇಂದ್ರದಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಬಿಲ್ಲು ಬರೆಯುವುದು, ಸೀಸೆಗಳಿಗೆ ಚೀಟಿ ಅಂಟಿಸುವುದು ನನ್ನ ಪಾಲಿನ ಕೆಲಸ. ಒಂದು ದಿನ ಪೆಟ್ಟಿಗೆ ಕಟ್ಟುವವರು ಬಂದಿರಲಿಲ್ಲ. ನಮ್ಮ ಬೀದಿಯ ಅಜ್ಜಿಯೊಬ್ಬರ ಸೀರಂ ಅನ್ನು ಹೆಪ್ಪುಗಟ್ಟಿಸಿ, ವಿಶೇಷ ಪರೀಕ್ಷೆಗಾಗಿ ಹೊರರಾಜ್ಯಕ್ಕೆ ವಿಮಾನದಲ್ಲಿ ಕಳುಹಿಸಬೇಕಾಗಿತ್ತು. ಥರ್ಮೊಕೋಲ್ ಪೆಟ್ಟಿಗೆಗೆ ಡ್ರೈ ಐಸ್ ತುಂಬಿ, ತಂಪು ಹೊರಗೆ ಹೋಗದಿರಲೆಂದು ಸಂದುಗಳಿಗೆಲ್ಲ ಟೇಪು ಸುತ್ತಿ ಭದ್ರಪಡಿಸಿದೆ. ಪೆಟ್ಟಿಗೆ ದೇವನಹಳ್ಳಿಯ ನಿಲ್ದಾಣದವರೆಗೆ ಹೋಗಿ, ಸ್ವೀಕೃತವಾಗದೆ ಮರುದಿನ ಹಿಂದಿರುಗಿತು. ಅಷ್ಟರಲ್ಲಿ ಸೀರಂ ಕರಗಿ ಪರೀಕ್ಷೆಗೆ ಬಾರದಂತಾಗಿತ್ತು. ಅಜ್ಜಿ ಮತ್ತೊಮ್ಮೆ ಬಂದು ತೋಳು ನೀಡಿ, "ಮೊನ್ನೆ ಕೊಟ್ಟದ್ದು ಸಾಲದೇ ಹೋಯಿತೇನಪ್ಪಾ?" ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ತಪ್ಪು ಎಲ್ಲಿತ್ತು? ಡ್ರೈ ಐಸ್ ಎಂಬುದು ನೀರಿನ ಮಂಜುಗಡ್ಡೆಯಲ್ಲ. ಅದು ಘನರೂಪದ ಇಂಗಾಲದ ಡೈಆಕ್ಸೈಡು. ಅದರ ಶೈತ್ಯ ಸೊನ್ನೆಗಿಂತ 78.5 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅದು ನೀರಾಗದೆ ನೇರವಾಗಿ ಅನಿಲವಾಗುತ್ತದೆ. ಆ ಅನಿಲಕ್ಕೆ ದಾರಿಯಿಲ್ಲದಿದ್ದರೆ ಪೆಟ್ಟಿಗೆ ಸಿಡಿದೀತು. ಆದುದರಿಂದ ಹೊರಪೆಟ್ಟಿಗೆಯಲ್ಲಿ ಅನಿಲ ಹೊರಹೋಗಲು ಅವಕಾಶವಿರತಕ್ಕದ್ದು, ಯು.ಎನ್. 1845 ಎಂಬ ಸಂಖ್ಯೆ, ಒಂಬತ್ತನೆಯ ವರ್ಗದ ಅಪಾಯದ ಚೀಟಿ, ಡ್ರೈ ಐಸಿನ ನಿವ್ವಳ ತೂಕ, ಇವು ಪೆಟ್ಟಿಗೆಯ ಮೇಲೆ ಇರತಕ್ಕದ್ದು. ನಾನು ಇವುಗಳಲ್ಲಿ ಒಂದನ್ನೂ ಮಾಡಿರಲಿಲ್ಲ.

ಈ ನಿಯಮಗಳು ಯಾರೋ ಒಬ್ಬ ಅಧಿಕಾರಿಯ ಇಚ್ಛೆಯಿಂದ ಹುಟ್ಟಿದವುಗಳಲ್ಲ. ವಿಶ್ವಸಂಸ್ಥೆಯ ತಜ್ಞರ ಸಮಿತಿಯ ಶಿಫಾರಸುಗಳನ್ನು ಅನುಸರಿಸಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ತಾಂತ್ರಿಕ ಸೂಚನೆಗಳನ್ನು ಹೊರಡಿಸುತ್ತದೆ. ಅವುಗಳ ಆಧಾರದ ಮೇಲೆ, ಐ.ಎ.ಟಿ.ಎ. ಎಂದು ಪ್ರಸಿದ್ಧವಾದ ವಿಮಾನ ಕಂಪನಿಗಳ ಸಂಘವು ಪ್ರತಿವರ್ಷವೂ ಅಪಾಯಕಾರಿ ಸರಕುಗಳ ನಿಯಮಗ್ರಂಥವನ್ನು ಪ್ರಕಟಿಸುತ್ತದೆ. ಭಾರತ ಸರ್ಕಾರವು 2003ರಲ್ಲಿ ಅಪಾಯಕಾರಿ ಸರಕುಗಳ ವಿಮಾನ ಸಾಗಣೆಗೆಂದೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು.

ಮಾದರಿಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಆರೋಗ್ಯವಂತನಿಗೆ ತಗಲಿದರೆ ಪ್ರಾಣಾಪಾಯವನ್ನಾಗಲಿ ಶಾಶ್ವತ ಅಂಗವೈಕಲ್ಯವನ್ನಾಗಲಿ ತರಬಲ್ಲ ರೋಗಾಣುಗಳಿರುವುವು 'ಎ' ವರ್ಗ; ಮನುಷ್ಯರಿಗೆ ಸಂಬಂಧಿಸಿದವಕ್ಕೆ ಯು.ಎನ್. 2814, ಪ್ರಾಣಿಗಳಿಗೆ ಮಾತ್ರ ಸಂಬಂಧಿಸಿದವಕ್ಕೆ ಯು.ಎನ್. 2900. ರೋಗಾಣುಗಳಿದ್ದರೂ ಅಷ್ಟು ಉಗ್ರವಲ್ಲದುವು 'ಬಿ' ವರ್ಗ. ಅದರ ಸಂಖ್ಯೆ ಯು.ಎನ್. 3373. ರೋಗಾಣುಗಳಿರುವ ಸಂಭವ ಅತ್ಯಲ್ಪವಾಗಿರುವುವು ವಿನಾಯಿತಿ ಪಡೆದವು. ಯಾವ ಸೀಸೆ ಯಾವ ವರ್ಗದ್ದೆಂದು ನಿರ್ಣಯಿಸುವುದಕ್ಕೆ ರೋಗಿಯ ವೃತ್ತಾಂತ ತಿಳಿದಿರಬೇಕು, ಸುಮ್ಮನೆ ಊಹಿಸಲಾಗದು.

ಕಟ್ಟುವ ಕ್ರಮದಲ್ಲಿ ಮೂರು ಹೊದಿಕೆಗಳುಂಟು. ಒಳಗೆ ಸೋರದ ಸೀಸೆ. ಅದು ಒಡೆದರೂ ದ್ರವವನ್ನೆಲ್ಲ ಹೀರಿಕೊಳ್ಳುವಷ್ಟು ಹತ್ತಿಯಂತಹ ಪದಾರ್ಥ. ಅದರ ಸುತ್ತ ಸೋರದ ಎರಡನೆಯ ಹೊದಿಕೆ. ಎಲ್ಲಕ್ಕೂ ಹೊರಗೆ ಗಟ್ಟಿಯಾದ ಪೆಟ್ಟಿಗೆ. ವಿಮಾನ ಮೇಲೇರಿದಂತೆ ಸುತ್ತಲಿನ ವಾಯುಭಾರ ಕಡಿಮೆಯಾಗಿ, ಸೀಸೆಯೊಳಗಿನ ಗಾಳಿ ಮುಚ್ಚಳವನ್ನು ಹೊರಕ್ಕೆ ತಳ್ಳುತ್ತದೆ. ಅದಕ್ಕಾಗಿಯೇ 'ಬಿ' ವರ್ಗದ ದ್ರವಮಾದರಿಗೆ ಸೀಸೆಯಾಗಲಿ ಎರಡನೆಯ ಹೊದಿಕೆಯಾಗಲಿ 95 ಕಿಲೋಪಾಸ್ಕಲ್ ಒತ್ತಡದ ವ್ಯತ್ಯಾಸವನ್ನು ಸೋರದೆ ತಡೆಯಬೇಕೆಂದು ವಿಧಿಸಲಾಗಿದೆ. 'ಬಿ' ವರ್ಗದ ಪೆಟ್ಟಿಗೆ 1.2 ಮೀಟರ್ ಎತ್ತರದಿಂದ ಬಿದ್ದರೂ ಒಳಗಿನದು ಸೋರಬಾರದು. 'ಎ' ವರ್ಗದ್ದಕ್ಕೆ ಆ ಎತ್ತರ 9 ಮೀಟರ್.

ಇನ್ನು ಶಿಕ್ಷಣದ ಮಾತು. 'ಎ' ವರ್ಗದ ಸರಕನ್ನು ಕಳುಹಿಸುವವನು ವಿಧಿವತ್ತಾದ ತರಬೇತಿ ಹೊಂದಿ, 24 ತಿಂಗಳಿಗೊಮ್ಮೆ ಅದನ್ನು ನವೀಕರಿಸಿಕೊಳ್ಳಬೇಕು. ಸರಕಿನ ಸ್ವರೂಪವನ್ನು ಘೋಷಿಸುವ ಪತ್ರಕ್ಕೆ ಸಹಿ ಹಾಕಬೇಕು. 'ಬಿ' ವರ್ಗಕ್ಕೆ ಆ ಘೋಷಣಾಪತ್ರ ಬೇಡ. ಆದರೂ ಪೆಟ್ಟಿಗೆ ತುಂಬುವ, ಮುಚ್ಚುವ ಸೂಚನೆಗಳು ಕಟ್ಟುವವನ ಕೈಸೇರಬೇಕು. ನಾನು ಅಂತಹ ಸೂಚನೆಯನ್ನು ಕೇಳಿ ಪಡೆಯದೆಯೇ ಪೆಟ್ಟಿಗೆಗೆ ಕೈಹಾಕಿದ್ದೆ.

ಈ ಗ್ರಂಥದ ವಿಷಯವನ್ನು ಓದುತ್ತಿರುವಾಗ ನನಗೊಂದು ಆಶ್ಚರ್ಯ ಕಾದಿತ್ತು. 'ಎ' ವರ್ಗಕ್ಕೆ ಉದಾಹರಣೆಯಾಗಿ ಕೊಟ್ಟಿರುವ ರೋಗಾಣುಗಳ ಪಟ್ಟಿಯಲ್ಲಿ, ಎಬೋಲ, ಲಸ್ಸಾ, ಮಾರ್ಬರ್ಗ್ ಎಂಬ ಪರದೇಶದ ಹೆಸರುಗಳ ಜೊತೆಯಲ್ಲಿ, ನಮ್ಮ ಕ್ಯಾಸನೂರಿನ ಹೆಸರೂ ಇದೆ! ಕ್ಯಾಸನೂರು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನದು. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗರಿಗೆ ಉಗ್ರಜ್ವರ ಬಂದಿತು. ಹಳದಿಜ್ವರವೇ ಭಾರತಕ್ಕೆ ಕಾಲಿಟ್ಟಿತೋ ಎಂಬ ಶಂಕೆ ಹುಟ್ಟಿತು. 1952ರಲ್ಲಿ ಸ್ಥಾಪಿತವಾಗಿದ್ದ ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು, ಟೆಲ್ಫರ್ಡ್ ವರ್ಕ್ ಮೊದಲಾದವರು, ರೋಗಿಗಳ ರಕ್ತವನ್ನೂ ಸತ್ತ ಮಂಗಗಳ ಅಂಗಾಂಶಗಳನ್ನೂ ಪರೀಕ್ಷಿಸಿ, ಇದು ಹಳದಿಜ್ವರವಲ್ಲ, ಉಣುಗುಗಳಿಂದ ಹರಡುವ ಹೊಸದೊಂದು ವೈರಸ್ಸಿನ ಕಾಯಿಲೆ ಎಂದು ಕಂಡುಹಿಡಿದರು. ಜನರು ಅದನ್ನು ಮಂಗನ ಕಾಯಿಲೆಯೆಂದು ಕರೆದರು. ಮಾದರಿ ಕೆಟ್ಟುಹೋಗಿದ್ದರೆ ಆ ಶಂಕೆ ಹೇಗೆ ತೀರುತ್ತಿತ್ತು?

ಪಟ್ಟಿಯಲ್ಲಿನ ಕೆಲವು ವೈರಸ್ಸುಗಳು, ಉದಾಹರಣೆಗೆ ಜಪಾನೀಸ್ ಎನ್ಸೆಫಲೈಟಿಸ್ಸಿನದು, ಪ್ರಯೋಗಾಲಯದಲ್ಲಿ ಬೆಳೆಸಿದುದಾದರೆ ಮಾತ್ರ 'ಎ' ವರ್ಗಕ್ಕೆ ಸೇರುತ್ತವೆ. ಕ್ಯಾಸನೂರಿನದಕ್ಕೆ ಆ ರಿಯಾಯಿತಿಯಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಈ ಕಾಯಿಲೆ ಹಲವರನ್ನು ಬಲಿ ತೆಗೆದುಕೊಂಡಿತು. ಪ್ರಯೋಗಾಲಯದಲ್ಲಿ ಕೆಲಸಮಾಡುವವರಿಗೂ ಇದು ತಗಲಿದ್ದುಂಟು. ಹೀಗಿರುವಾಗ, ಪೆಟ್ಟಿಗೆಯನ್ನು ಎತ್ತಿಡುವ ಕೂಲಿಗೆ ಒಳಗಿರುವುದೇನೆಂದು ತಿಳಿಸುವವರು ಯಾರು? ಮೇಲಿನ ಆ ಚೀಟಿಯೊಂದೇ. ಚೀಟಿ ಸುಳ್ಳಾದರೆ ಅವನ ಪ್ರಾಣಕ್ಕೆ ಸಂಚಕಾರ. ಪೆಟ್ಟಿಗೆ ಸರಿಯಿಲ್ಲದಿದ್ದರೆ ರೋಗಿಯ ಚಿಕಿತ್ಸೆಗೆ ವಿಳಂಬ. ನಿಯಮವೆಂಬುದು ನಾವು ಎಂದೂ ಕಾಣದ ಆ ಇಬ್ಬರ ಪರವಾಗಿ ನಿಂತ ಸಾಕ್ಷಿ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಮಾತ್ರ ಸಂಬಂಧಪಟ್ಟ ವಿಷಯವಿದು ಎಂದು ನನ್ನ ಸಹಪಾಠಿಗಳು ತಿಳಿಯಬಾರದು. ನಾಳೆ ಕಚೇರಿಗಳಲ್ಲಿ ಕುಳಿತು ಚೀಟಿ ಬರೆಯುವವರು, ಪತ್ರ ತುಂಬುವವರು, ಸಹಿ ಹಾಕುವವರು ನಮ್ಮಲ್ಲಿಯೇ ಅನೇಕರು. ತಿಳಿಯದ ಕೆಲಸವನ್ನು ತಿಳಿದಂತೆ ಮಾಡಿಬಿಡುವುದು ಚುರುಕುತನವಲ್ಲವೆಂಬುದನ್ನು ನಾನು ಆ ಅಜ್ಜಿಯ ತೋಳಿನ ಖರ್ಚಿನಲ್ಲಿ ಕಲಿತೆ. ಅವರ ಎರಡನೆಯ ಮಾದರಿಯನ್ನು ಬಲ್ಲವರೇ ಕಟ್ಟಿದರು. ನಾನು ಪಕ್ಕದಲ್ಲಿ ನಿಂತು, ಒಂದೊಂದನ್ನೂ ನೋಡಿ ಪುಸ್ತಕದಲ್ಲಿ ಬರೆದುಕೊಂಡೆ. ಆ ಪೆಟ್ಟಿಗೆ ಸುರಕ್ಷಿತವಾಗಿ ತಲುಪಿತು.