ಹಳೆ ಕಾರ್ಡ್ ಕೊಡಲಾರದ ಗಂಟೆಗಳು

ಗೇಮಿಂಗ್ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸಬೇಕೇ ಎಂದು ಯೋಚಿಸುವವರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು, ಇದು ಅದಕ್ಕಿಂತ ಎಷ್ಟು ಪಟ್ಟು ವೇಗ ಎಂದು ನೋಡುತ್ತಾರೆ. ಆ ಹೋಲಿಕೆಯಲ್ಲಿ ಹೊಸದು ಗೆಲ್ಲುವುದು ಖಚಿತ, ಹಾಗಾಗಿ ಅದರಿಂದ ತೀರ್ಮಾನಕ್ಕೆ ಹೆಚ್ಚು ಸಹಾಯವಾಗುವುದಿಲ್ಲ. ನಾನು ನೆಚ್ಚಿಕೊಂಡಿರುವ ಲೆಕ್ಕ ಬೇರೆ: ಹೊಸ ಕಾರ್ಡಿಗೆ ನಿಜವಾಗಿ ತಗಲುವ ದುಡ್ಡನ್ನು ಹಳೆ ಕಾರ್ಡ್ ಕೊಡಲಾರದ ಗಂಟೆಗಳಿಂದ ಭಾಗಿಸುವುದು. ಒಂದು ಕಾರ್ಡಿನಲ್ಲಿ ನೀವು ಎಷ್ಟು ಗಂಟೆ ಆಡುತ್ತೀರಿ ಎಂಬುದು ಇಲ್ಲಿ ಮುಖ್ಯವಲ್ಲ. ಅದರಲ್ಲಿ ಎಷ್ಟು ಗಂಟೆ ಈಗಿರುವ ಕಾರ್ಡಿನಿಂದ ಸಾಧ್ಯವೇ ಇರಲಿಲ್ಲ ಎಂಬುದನ್ನಷ್ಟೇ ಎಣಿಸಬೇಕು.

2020ರ ಸುಮಾರಿಗೆ ನಮ್ಮಲ್ಲಿ ಬಹಳ ಜನ ಜೋಡಿಸಿಕೊಂಡ ಒಂದು ಯಂತ್ರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ರೈಜನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 6 ಜಿಬಿ ಮೆಮೊರಿಯ ಜಿಟಿಎಕ್ಸ್ 1660 ಸೂಪರ್, 1080ಪಿ 60 ಹರ್ಟ್ಜ್ ಮಾನಿಟರ್. ಇದಕ್ಕೆ ಹಾಕಬಹುದಾದ ಹೊಸ ಕಾರ್ಡ್ 2025ರ ಮೇ ತಿಂಗಳಲ್ಲಿ ಬಂದ ಆರ್‌ಟಿಎಕ್ಸ್ 5060. ಅಮೆರಿಕದಲ್ಲಿ ಅದರ ಘೋಷಿತ ಬೆಲೆ 299 ಡಾಲರ್. ಆಗಿನ ದರದಲ್ಲಿ ಡಾಲರಿಗೆ 85 ರೂಪಾಯಿಯಂತೆ ಹಿಡಿದರೆ 25,400, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ ಸೇರಿದರೆ ಸುಮಾರು 30 ಸಾವಿರ. ಹಳೆ ಕಾರ್ಡ್ ಮಾರಿದರೆ ಬರುವುದನ್ನೂ, ನಾಲ್ಕು ವರ್ಷದ ಮೇಲೆ ಹೊಸದನ್ನು ಮಾರಿದರೆ ಬರಬಹುದಾದದ್ದನ್ನೂ ಕಳೆದು, ನಿಜವಾದ ಖರ್ಚು 20 ಸಾವಿರ ಎಂದಿಟ್ಟುಕೊಳ್ಳಿ. ವಾರಕ್ಕೆ ಹತ್ತು ಗಂಟೆ ಆಡುವವರಿಗೆ ನಾಲ್ಕು ವರ್ಷಕ್ಕೆ 2,080 ಗಂಟೆ, ಅಂದರೆ ಗಂಟೆಗೆ ಹತ್ತು ರೂಪಾಯಿಗಿಂತ ಕಡಿಮೆ. ಇದಕ್ಕಿಂತ ಅಗ್ಗದ ಮನರಂಜನೆ ಇಲ್ಲ ಎಂದು ಅಂಗಡಿಯವರು ಹೇಳುವುದು ಈ ಲೆಕ್ಕದ ಮೇಲೆಯೇ. ಆದರೆ ಆ ಹತ್ತರಲ್ಲಿ ಎಂಟು ಗಂಟೆ ವ್ಯಾಲೊರಂಟ್‌ನಂಥ ಆಟಕ್ಕೆ ಹೋಗುತ್ತಿದ್ದರೆ? ಅದನ್ನು 1660 ಸೂಪರ್ ಆ ಮಾನಿಟರ್ ತೋರಿಸಬಲ್ಲದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಈಗಲೇ ಓಡಿಸುತ್ತಿದೆ. ಉಳಿದ ಎರಡು ಗಂಟೆ ಮಾತ್ರ ಹೊಸ ಕಾರ್ಡಿನ ಲೆಕ್ಕಕ್ಕೆ ಸೇರಬೇಕು. ಆಗ ಗಂಟೆಗೆ 48 ರೂಪಾಯಿ. ಇನ್ನು ವರ್ಷಕ್ಕೊಂದು ಇಪ್ಪತ್ತು ಗಂಟೆಯ ಕಥೆಯಾಟ ಮಾತ್ರ ಹಳೆ ಕಾರ್ಡಿನಲ್ಲಿ ಓಡುತ್ತಿಲ್ಲ ಎನ್ನುವುದಾದರೆ ಗಂಟೆಗೆ 250 ರೂಪಾಯಿ ಬೀಳುತ್ತದೆ. ಮೂರು ಸಂದರ್ಭದಲ್ಲೂ ಅದೇ ಕಾರ್ಡ್, ಅದೇ ಬೆಲೆ.

ಓಡುತ್ತಿಲ್ಲ ಎಂಬ ಮಾತನ್ನೂ ಪರೀಕ್ಷಿಸಿಯೇ ಒಪ್ಪಬೇಕು. ಎಂಎಸ್‌ಐ ಆಫ್ಟರ್‌ಬರ್ನರ್‌ನಂಥ ಉಚಿತ ತಂತ್ರಾಂಶ ಹಾಕಿಕೊಂಡರೆ ಆಟದ ಪರದೆಯ ಮೂಲೆಯಲ್ಲಿ ಅಂಕಿಗಳು ಓಡುತ್ತಿರುತ್ತವೆ. ಮೊದಲು ವಿ-ಸಿಂಕ್ ಮತ್ತು ಫ್ರೇಮ್ ಮಿತಿಗಳನ್ನು ತೆಗೆಯಿರಿ, ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ಆಮೇಲೆ ಜನಸಂದಣಿಯ ಬೀದಿಯಲ್ಲೋ ದೊಡ್ಡ ಕಾಳಗದಲ್ಲೋ ಹತ್ತು ನಿಮಿಷ ಆಡಿ. ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇ 97, 98ರಲ್ಲೇ ನಿಂತು ಫ್ರೇಮ್‌ಗಳು 35ಕ್ಕೆ ಇಳಿದರೆ ತಡೆ ಇರುವುದು ಕಾರ್ಡಿನಲ್ಲೇ. ಬಳಕೆ ಶೇ 60ರ ಸುತ್ತ ಓಲಾಡುತ್ತಿದ್ದು ಆಟ ತಡವರಿಸುತ್ತಿದ್ದರೆ ಕಾರ್ಡ್ ಕೆಲಸಕ್ಕಾಗಿ ಕಾಯುತ್ತಿದೆ ಎಂದರ್ಥ. ತಪ್ಪು ಪ್ರೊಸೆಸರ್‌ನದೋ ರ‍್ಯಾಮ್‌ನದೋ ಆಗಿರುತ್ತದೆ. ಒಂದೇ ಕಡ್ಡಿ ರ‍್ಯಾಮ್ ಹಾಕಿದ ಎಷ್ಟೋ ಯಂತ್ರಗಳಲ್ಲಿ ಜೊತೆಗೆ ಅಂಥದೇ ಇನ್ನೊಂದು ಕಡ್ಡಿ ಸೇರಿಸಿದರೆ ಆಟ ಸಲೀಸಾಗುತ್ತದೆ. ತಾಪಮಾನ 85 ಡಿಗ್ರಿ ದಾಟಿ, ಕಾರ್ಡಿನ ಕ್ಲಾಕ್ ವೇಗ ಕುಸಿಯುತ್ತಿದ್ದರೆ ಕ್ಯಾಬಿನೆಟ್ಟಿನ ದೂಳು ತೆಗೆದು, ಹೊಸ ಥರ್ಮಲ್ ಪೇಸ್ಟ್ ಹಚ್ಚುವುದೇ ಮೊದಲ ಚಿಕಿತ್ಸೆ. ಐದು ವರ್ಷ ಬಿಚ್ಚದ ಕಾರ್ಡಿನ ಪೇಸ್ಟ್ ಒಣಗಿ ಹೋಗಿರುವ ಸಾಧ್ಯತೆ ಹೆಚ್ಚು. ಸೆಟ್ಟಿಂಗ್‌ಗಳನ್ನು ಅಲ್ಟ್ರಾದಿಂದ ಹೈಗೆ ಇಳಿಸಿ, ಕಡಿಮೆ ರೆಸಲ್ಯೂಷನ್ನಿನ ಚಿತ್ರವನ್ನು ಹಿಗ್ಗಿಸಿ ವೇಗ ಹೆಚ್ಚಿಸುವ ಎಫ್‌ಎಸ್‌ಆರ್ ಹಾಕಿ ನೋಡಿ; ಅದು ಹಳೆಯ ಜಿಟಿಎಕ್ಸ್ ಕಾರ್ಡ್‌ಗಳಲ್ಲೂ ನಡೆಯುತ್ತದೆ. ಇಷ್ಟಾದ ಮೇಲೂ ಉಳಿಯುವ ಕೊರತೆಗೆ ಮಾತ್ರ ದುಡ್ಡು ಕೊಡುವುದು ನ್ಯಾಯ.

ಅಂಥ ಕೊರತೆ ನಿಜವಾಗಿಯೂ ಇದೆ, ಅದನ್ನು ಅಲ್ಲಗಳೆಯಲಾಗದು. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಂಡ್ ದ ಗ್ರೇಟ್ ಸರ್ಕಲ್, 2025ರ ಡೂಮ್: ದ ಡಾರ್ಕ್ ಏಜಸ್ ಎರಡಕ್ಕೂ ರೇ ಟ್ರೇಸಿಂಗ್ ಮಾಡಬಲ್ಲ ಹಾರ್ಡ್‌ವೇರ್ ಬೇಕೇ ಬೇಕು. ಜಿಟಿಎಕ್ಸ್ ಕಾರ್ಡ್‌ಗಳಲ್ಲಿ ಅದಿಲ್ಲ, ಯಾವ ಸೆಟ್ಟಿಂಗ್ ಇಳಿಸಿದರೂ ಬರುವುದಿಲ್ಲ. ಇದರ ಜೊತೆಗೆ 2016ರ ಜಿಟಿಎಕ್ಸ್ 1060 ಸೇರಿದಂತೆ ಪ್ಯಾಸ್ಕಲ್ ತಲೆಮಾರಿನ ಕಾರ್ಡ್‌ಗಳಿಗೆ ಹೊಸ ಆಟಗಳಿಗೆಂದು ಹೊಂದಿಸಿದ ಡ್ರೈವರ್‌ಗಳನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. ಇನ್ನು ಸಿಗುವುದು ಭದ್ರತೆಯ ಅಪ್‌ಡೇಟ್ ಮಾತ್ರ. 1660 ಸೂಪರ್ ಅದರ ಮುಂದಿನ ತಲೆಮಾರಿನದಾದ್ದರಿಂದ ಆ ಪಟ್ಟಿಯಲ್ಲಿಲ್ಲ. ಹಾಗಾಗಿ 1060 ಇಟ್ಟುಕೊಂಡು ಹೊಸ ಕಥೆಯಾಟಗಳನ್ನು ಆಡಬಯಸುವವರು ಬದಲಾಯಿಸುವುದೇ ಸರಿ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ. 1660 ಸೂಪರ್ ಇರುವವರು ತಾವು ಆಡಲಿರುವ ಆಟಗಳ ಹೆಸರು ಬರೆದುಕೊಂಡು ನೋಡಬೇಕು. ಪಟ್ಟಿಯಲ್ಲಿ ಮೂರು ನಾಲ್ಕು ಆಟಗಳಿಗೆ ಇಂಥ ಅಡ್ಡಿ ಇದ್ದರೆ ಗಂಟೆಯ ಲೆಕ್ಕ ಸಲೀಸಾಗಿ ಹೊಂದುತ್ತದೆ.

ಬದಲಾಯಿಸುವುದು ಸರಿ ಎಂದಾದ ಮೇಲೂ 30 ಸಾವಿರವೇ ಪೂರ್ತಿ ಖರ್ಚು ಎಂದುಕೊಳ್ಳುವಂತಿಲ್ಲ. 5060ಗೆ ಕಂಪನಿ ಹೇಳುವ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಘಟಕ) 550 ವಾಟಿನದು. 450 ವಾಟಿನ ಅಗ್ಗದ ಎಸ್‌ಎಂಪಿಎಸ್ ಇದ್ದರೆ ಅದಕ್ಕೂ ದುಡ್ಡು ಎತ್ತಿಡಬೇಕು. ಈ ಕಾರ್ಡ್ ಮದರ್‌ಬೋರ್ಡಿನ ಹದಿನಾರು ದಾರಿಗಳಲ್ಲಿ ಎಂಟನ್ನಷ್ಟೇ ಬಳಸುತ್ತದೆ. ಬಿ450 ಬೋರ್ಡಿನ ದಾರಿಗಳು ಹಳೆಯ ಪಿಸಿಐಇ 3.0 ವೇಗದವು. ಕಾರ್ಡಿನ 8 ಜಿಬಿ ಸಾಲದೆ ಆಟ ರ‍್ಯಾಮಿಗೆ ಕೈಚಾಚಿದಾಗ ಈ ಕಿರಿದಾದ ದಾರಿ ಕಾಡುತ್ತದೆ, ವಿಮರ್ಶೆಗಳಲ್ಲಿ ಕಂಡ ಫ್ರೇಮ್‌ಗಳು ನಮ್ಮ ಯಂತ್ರದಲ್ಲಿ ಬರುವುದಿಲ್ಲ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಹದಿನಾರು ದಾರಿಗಳನ್ನೂ ಬಳಸುತ್ತದೆ, 16 ಜಿಬಿಯ ಮಾದರಿಯೂ ಇದೆ, ಅಮೆರಿಕದಲ್ಲಿ ಅದರ ಘೋಷಿತ ಬೆಲೆ 349 ಡಾಲರ್. ನಾಲ್ಕು ವರ್ಷ ಇಟ್ಟುಕೊಳ್ಳುವ ಕಾರ್ಡಾದರೆ ಹಳೆ ಬೋರ್ಡಿನವರಿಗೆ ಆ 50 ಡಾಲರಿನ ವ್ಯತ್ಯಾಸ ದಂಡವಲ್ಲ ಎಂಬುದು ನನ್ನ ಅಭಿಪ್ರಾಯ. ಇನ್ನು ಒಂದಕ್ಕೆ ನಾಲ್ಕು ಫ್ರೇಮ್ ಎಂದು ಜಾಹೀರಾತಿನಲ್ಲಿ ಬರುವ ಮಲ್ಟಿ ಫ್ರೇಮ್ ಜನರೇಷನ್ 60 ಹರ್ಟ್ಜ್ ಮಾನಿಟರಿನ ಮುಂದೆ ಕೂತವರಿಗೆ ಉಪಯೋಗಕ್ಕೆ ಬರುವುದಿಲ್ಲ. ಆ ಮಾನಿಟರ್ ಸೆಕೆಂಡಿಗೆ ತೋರಿಸುವುದೇ 60 ಚಿತ್ರ.

ಕಾದರೆ ಬೆಲೆ ಏರುವುದಿಲ್ಲವೇ ಎಂಬ ಆಕ್ಷೇಪಕ್ಕೆ ಇಂದು ಬಲವಿದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಜೋರಾಗಿ ಏರಿತು. ಮೈಕ್ರಾನ್ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ವ್ಯಾಪಾರವನ್ನೇ ಮುಚ್ಚುವುದಾಗಿ ಡಿಸೆಂಬರಿನಲ್ಲಿ ಪ್ರಕಟಿಸಿತು. ಗ್ರಾಫಿಕ್ಸ್ ಕಾರ್ಡಿನ ತಯಾರಿಕೆಯ ಖರ್ಚಿನಲ್ಲೂ ಮೆಮೊರಿಯ ಪಾಲಿದೆ. ಆದರೆ ಏರಿದ್ದು ಇಳಿಯುವುದೂ ಉಂಟು. 2021ರಲ್ಲಿ ಕ್ರಿಪ್ಟೊ ಗಣಿಗಾರಿಕೆಯ ಭರಾಟೆಯಲ್ಲಿ ಕಾರ್ಡ್‌ಗಳು ಘೋಷಿತ ಬೆಲೆಯ ದುಪ್ಪಟ್ಟಿಗೂ ಮಾರಾಟವಾದವು. 2022ರಲ್ಲಿ ಆ ಭರಾಟೆ ಇಳಿಯಿತು, ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೊ ಜಾಲ ಗಣಿಗಾರಿಕೆ ಬೇಡದ ವ್ಯವಸ್ಥೆಗೆ ಬದಲಾದ ಮೇಲಂತೂ ಗಣಿಗಾರರಿಗೆ ಆ ಕಾರ್ಡ್‌ಗಳೇ ಬೇಡವಾಗಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ತುಂಬಿಹೋಯಿತು. ಹಾಗಾಗಿ ಬೆಲೆಯ ಭಯಕ್ಕೆ ನನ್ನ ಉತ್ತರ ಹೀಗೆ: ಪಟ್ಟಿಯಲ್ಲಿ ಅಡ್ಡಿಯಿರುವ ಆಟಗಳಿದ್ದರೆ ಇಂದೇ ಕೊಳ್ಳಿ, ಕಾಯಬೇಡಿ. ಇಲ್ಲದಿದ್ದರೆ ಬಳಸದ ಸಾಮರ್ಥ್ಯವನ್ನು ಯಾವ ಬೆಲೆಗೆ ಕೊಂಡರೂ ಅದು ಉಳಿತಾಯವಾಗುವುದಿಲ್ಲ. ಹೊಸ ಕಾರ್ಡ್ ಕರೆಂಟ್ ಉಳಿಸುತ್ತದೆ ಎಂಬ ಇನ್ನೊಂದು ವಾದವಿದೆ. 55 ವಾಟ್ ಉಳಿಯುತ್ತದೆ ಎಂದೇ ಹಿಡಿದು, ದಿನಕ್ಕೆ ಮೂರು ಗಂಟೆ ಆಡಿದರೂ ವರ್ಷಕ್ಕೆ 60 ಯೂನಿಟ್, ಯೂನಿಟ್‌ಗೆ ಏಳು ರೂಪಾಯಿಯಂತೆ 420. ಅದನ್ನು ತಕ್ಕಡಿಗೆ ಹಾಕುವುದೇ ಬೇಡ.

ಹವ್ಯಾಸಕ್ಕೆ ಇಷ್ಟೊಂದು ಲೆಕ್ಕವೇಕೆ ಎಂದು ಕೇಳುವವರಿದ್ದಾರೆ. ಉಳಿಸಿಟ್ಟ ದುಡ್ಡಿನಲ್ಲಿ ಕೊಳ್ಳುವವರಿಗೆ ನನ್ನ ತಕರಾರಿಲ್ಲ, ಇಷ್ಟದ ವಸ್ತುವಿಗೆ ಖರ್ಚು ಮಾಡುವುದು ತಪ್ಪಲ್ಲ. ನನಗೆ ಚಿಂತೆಯಾಗುವುದು ಮೊದಲ ಸಂಬಳದ ಹುಡುಗ ಹುಡುಗಿಯರು ಇದನ್ನು ಕಂತಿನ ಮೇಲೆ ಕೊಳ್ಳುವಾಗ. ನೋ-ಕಾಸ್ಟ್ ಇಎಂಐ ಎಂದರೂ ಬ್ಯಾಂಕ್ ಬಡ್ಡಿ ಹಾಕಿಯೇ ಹಾಕುತ್ತದೆ. ಮಾರುವವರು ಅಷ್ಟನ್ನು ರಿಯಾಯಿತಿಯಾಗಿ ಬಿಡುತ್ತಾರೆ. ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿಯನ್ನೂ, ಪ್ರೊಸೆಸಿಂಗ್ ಶುಲ್ಕವಿದ್ದರೆ ಅದನ್ನೂ ಕೊಡುವವರು ನಾವು. ಕ್ರೆಡಿಟ್ ಕಾರ್ಡಿನ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತ ಹೋದರೆ ಬಾಕಿಯ ಮೇಲೆ ಅನೇಕ ಬ್ಯಾಂಕ್‌ಗಳಲ್ಲಿ ತಿಂಗಳಿಗೆ ಶೇ 3.5ಕ್ಕೂ ಹೆಚ್ಚು ಬಡ್ಡಿ ಬೀಳುತ್ತದೆ. ಕೊಳ್ಳುವುದೇ ಆದರೆ, ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಳ್ಳಿ, ಆನ್‌ಲೈನಿನಲ್ಲಿ ಕೊಳ್ಳಿ, ಜಿಎಸ್‌ಟಿ ಉಳಿಸುವ ಆಸೆಗೆ ಬಿಲ್ ಬಿಡಬೇಡಿ. ಬಿಲ್ಲಿನ ಮೇಲೆ ಕಾರ್ಡಿನ ಸೀರಿಯಲ್ ನಂಬರ್ ಬರೆಸಿ, ಪೆಟ್ಟಿಗೆಯ ಮೇಲಿನ ನಂಬರಿಗೂ ಕಾರ್ಡಿನ ಮೇಲಿನ ಸ್ಟಿಕರಿಗೂ ತಾಳೆ ನೋಡಿ. ವಾರಂಟಿ ಕೇಳುವ ದಿನಕ್ಕೂ, ಮುಂದೆ ಅದೇ ಕಾರ್ಡನ್ನು ಮಾರುವ ದಿನಕ್ಕೂ ಬೇಕಾಗುವುದು ಆ ಒಂದು ಹಾಳೆ.